ಉಸಿರು ಎಲ್ಲಿ ಸಿಕ್ಕಿಕೊಂಡಿದೆ? ಮನೆಯಲ್ಲಿ ಗುರುತು ಹಿಡಿಯುವ ಬಗೆ

ಯಾರಿಗಾದರೂ ಉಸಿರಾಡಲು ಕಷ್ಟವಾದರೆ ನಮ್ಮ ಮನೆಗಳಲ್ಲಿ ಮೊದಲು ಬರುವ ಮಾತು ‘ಕಫ ಕಟ್ಟಿದೆ’ ಅಂತ. ಮೂಗು ಕಟ್ಟಿದರೂ ಕಫ, ಹೃದಯ ಸೋತರೂ ಕಫ, ಮೈಯಲ್ಲಿ ರಕ್ತ ಕಡಿಮೆಯಾದರೂ ಕಫ. ಶುಂಠಿ ಕಷಾಯ, ವಿಕ್ಸ್, ಬಿಸಿನೀರಿನ ಹಬೆ ಅಂತ ಎರಡು ದಿನ ಸುಮ್ನೆ ಕಳೆದುಹೋಗುತ್ತವೆ. ಕೆಲವು ಸಲ ಆ ಎರಡು ದಿನವೇ ತುಂಬಾ ದುಬಾರಿಯಾಗುತ್ತದೆ.

ನಮ್ಮಮ್ಮನಿಗೆ ಇಪ್ಪತ್ತು ವರ್ಷದಿಂದ ಅಸ್ತಮಾ ಇದೆ. ಅವರ ಪಕ್ಕ ಕೂತು ಕಳೆದ ರಾತ್ರಿಗಳಲ್ಲಿ ಕಲಿತದ್ದನ್ನು, ಡಾಕ್ಟರುಗಳನ್ನು ಕೇಳಿ ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಔಷಧಿಗೆ ಕೈ ಹಾಕುವ ಮೊದಲು ಉಸಿರು ಎಲ್ಲಿ ಸಿಕ್ಕಿಕೊಂಡಿದೆ ಅಂತ ನೋಡಬೇಕು. ಅದಕ್ಕೆ ಬೇಕಾಗಿರುವುದು ಒಂದು ಗಡಿಯಾರ, ಒಳ್ಳೆಯ ಬೆಳಕು, ಒಂದು ನಿಮಿಷ.

ಇವು ಕಂಡರೆ ಮುಂದೆ ಓದಬೇಡಿ, 108ಕ್ಕೆ ಕರೆ ಮಾಡಿ

- ಒಂದು ಉಸಿರಿನಲ್ಲಿ ಒಂದು ಪೂರ್ತಿ ವಾಕ್ಯ ಹೇಳಲು ಆಗುತ್ತಿಲ್ಲ. ಎರಡು ಮೂರು ಪದಕ್ಕೇ ನಿಲ್ಲಿಸಿ ಉಸಿರು ಎಳೆಯುತ್ತಿದ್ದಾರೆ.
- ತುಟಿ, ನಾಲಿಗೆ ನೀಲಿ ಅಥವಾ ಬೂದಿ ಬಣ್ಣಕ್ಕೆ ತಿರುಗಿದೆ.
- ಮಂಪರು, ತಬ್ಬಿಬ್ಬು. ಕರೆದರೆ ಸರಿಯಾಗಿ ಉತ್ತರ ಬರುತ್ತಿಲ್ಲ.
- ಎದೆ ಹಿಂಡಿದಂತೆ ನೋವು, ಜೊತೆಗೆ ತಣ್ಣನೆ ಬೆವರು.
- ಏನೋ ತಿಂದ ಮೇಲೆ, ಮಾತ್ರೆ ನುಂಗಿದ ಮೇಲೆ ಅಥವಾ ಜೇನುನೊಣ ಕಚ್ಚಿದ ಮೇಲೆ ಮುಖ, ನಾಲಿಗೆ ಊದಿಕೊಂಡು ಉಸಿರು ಬಿಗಿಯುತ್ತಿದೆ.
- ಕೆಮ್ಮಿದಾಗ ರಕ್ತ ಜಾಸ್ತಿ ಬರುತ್ತಿದೆ.

ಆಂಬ್ಯುಲೆನ್ಸ್ ಬರುವವರೆಗೆ ಅವರನ್ನು ಮಲಗಿಸಬೇಡಿ. ಕೂರಿಸಿ, ಸ್ವಲ್ಪ ಮುಂದಕ್ಕೆ ಬಾಗಿಸಿ, ಎದುರಿಗೆ ದಿಂಬು ಇಟ್ಟು ಕೈ ಊರಲು ಹೇಳಿ. ಬಿಗಿಯಾದ ಬಟ್ಟೆ ಸಡಿಲಿಸಿ. ಸುತ್ತ ಜನ ಗುಂಪುಗೂಡುವುದು ಬೇಡ. ಊಟ, ನೀರು, ಕಷಾಯ ಏನೂ ಬೇಡ; ಏದುಸಿರು ಬಿಡುವವರ ಬಾಯಿಗೆ ಹಾಕಿದ್ದು ಶ್ವಾಸನಾಳಕ್ಕೆ ಇಳಿಯಬಹುದು.

ಒಳಗೆ ನಡೆಯುವುದೇನು?

ಶ್ವಾಸಕೋಶಕ್ಕೆ ತಾನಾಗಿ ಹಿಗ್ಗುವ ಶಕ್ತಿ ಇಲ್ಲ. ಎದೆಗೂ ಹೊಟ್ಟೆಗೂ ನಡುವೆ ವಪೆ ಅನ್ನುವ ಅಗಲವಾದ ಮಾಂಸದ ಹಾಳೆ ಇದೆ, ಕವುಚಿ ಹಾಕಿದ ಬಟ್ಟಲಿನ ಆಕಾರದಲ್ಲಿ. ಅದು ಬಿಗಿದು ಕೆಳಗಿಳಿಯುತ್ತದೆ, ಪಕ್ಕೆಲುಬುಗಳು ಮೇಲಕ್ಕೂ ಹೊರಕ್ಕೂ ಹೋಗುತ್ತವೆ. ಎದೆಯ ಗೂಡು ದೊಡ್ಡದಾಗಿ ಒಳಗಿನ ಒತ್ತಡ ಇಳಿಯುತ್ತದೆ, ಹೊರಗಿನ ಗಾಳಿ ತಾನಾಗಿ ನುಗ್ಗುತ್ತದೆ. ವಪೆ ಸಡಿಲಿಸಿದರೆ ಶ್ವಾಸಕೋಶ ರಬ್ಬರಿನ ಹಾಗೆ ಕುಗ್ಗಿ ಗಾಳಿ ಹೊರಬರುತ್ತದೆ. ಸುಮ್ಮನೆ ಕೂತಿರುವ ದೊಡ್ಡವರಲ್ಲಿ ಒಂದು ಉಸಿರಿಗೆ ಸುಮಾರು ಅರ್ಧ ಲೀಟರ್ ಗಾಳಿ ಹೀಗೆ ಹೋಗಿ ಬರುತ್ತದೆ.

ಗಾಳಿಯ ದಾರಿ ಮೂಗಿನಿಂದ ಶುರು. ಮೂಗು ಅದನ್ನು ಬೆಚ್ಚಗೆ ಮಾಡಿ, ಒದ್ದೆ ಮಾಡಿ, ದೂಳು ಸೋಸಿ ಕಳಿಸುತ್ತದೆ. ಗಂಟಲು ದಾಟಿದರೆ ಶ್ವಾಸನಾಳ. ಅದು ಎದೆಯಲ್ಲಿ ಎಡಕ್ಕೂ ಬಲಕ್ಕೂ ಕವಲಾಗುತ್ತದೆ. ಬಲಗವಲು ಅಗಲ, ಜಾಸ್ತಿ ನೇರ. ಮಗುವಿನ ಶ್ವಾಸನಾಳಕ್ಕೆ ಇಳಿದ ಕಡಲೆಬೀಜ ಹೆಚ್ಚಾಗಿ ಬಲಗಡೆಗೇ ಹೋಗುವುದು ಅದಕ್ಕೇ. ಕವಲುಗಳು ಮತ್ತೆ ಮತ್ತೆ ಒಡೆದು, ತೀರಾ ಸಣ್ಣ ಕೊಳವೆಗಳಾಗಿ, ಕೊನೆಗೆ ಗಾಳಿಚೀಲಗಳಲ್ಲಿ ಮುಗಿಯುತ್ತವೆ. ಇಂಥ ಚೀಲಗಳು 30 ಕೋಟಿಗೂ ಜಾಸ್ತಿ ಇವೆ. ಅವುಗಳ ತೆಳು ಗೋಡೆಯ ಆಚೆಗೇ ರಕ್ತ. ಆಮ್ಲಜನಕ ಆ ಕಡೆ, ಇಂಗಾಲದ ಡೈಆಕ್ಸೈಡ್ ಈ ಕಡೆ. ನಾವು ಎಳೆದುಕೊಳ್ಳುವ ಗಾಳಿಯಲ್ಲಿ ಆಮ್ಲಜನಕ ಸುಮಾರು 21%, ಬಿಡುವ ಗಾಳಿಯಲ್ಲಿ ಸುಮಾರು 16%.

ಹೀಗಾಗಿ ಅಡ್ಡಿ ಆರು ಕಡೆ ಆಗಬಹುದು: ಮೂಗು, ಗಂಟಲು ಮತ್ತು ದೊಡ್ಡ ನಾಳ, ಸಣ್ಣ ಕೊಳವೆ, ಗಾಳಿಚೀಲ, ಗಾಳಿ ಎಳೆಯುವ ಎದೆಯ ಗೂಡು, ಮತ್ತು ಆಮ್ಲಜನಕ ಹೊರುವ ರಕ್ತ ಹಾಗೂ ಹೃದಯ. ಒಂದೊಂದು ಕಡೆಯ ಅಡ್ಡಿಗೂ ಅದರದೇ ಲಕ್ಷಣ ಇದೆ.

ಇನ್ನೊಂದು ವಿಷಯ. ಉಸಿರು ಬೇಕು ಅಂತ ಮೆದುಳಿಗೆ ಅನ್ನಿಸುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಏರಿದಾಗ. ಆಮ್ಲಜನಕ ಮಾತ್ರ ಇಳಿದು ಇದು ಏರದೇ ಇದ್ದರೆ ಮನುಷ್ಯ ‘ಚೆನ್ನಾಗಿದ್ದೇನೆ’ ಅಂತಲೇ ಹೇಳಬಹುದು. 2020-21ರ ಕೋವಿಡ್ ದಿನಗಳಲ್ಲಿ ಫೋನಿನಲ್ಲಿ ಆರಾಮಾಗಿ ಮಾತಾಡುತ್ತಿದ್ದವರ ಆಮ್ಲಜನಕ ಪಾತಾಳ ಸೇರಿದ್ದನ್ನು ಎಷ್ಟು ಮನೆಗಳು ಕಂಡಿಲ್ಲ. ರೋಗಿಯ ಮಾತಿನ ಜೊತೆಗೆ ನಿಮ್ಮ ಕಣ್ಣೂ ಕೆಲಸ ಮಾಡಬೇಕು.

ಮೊದಲ ಒಂದು ನಿಮಿಷ: ಎಣಿಸಿ

ಖರ್ಚಿಲ್ಲದ ಪರೀಕ್ಷೆ ಇದು, ಮಾಡುವವರು ಮಾತ್ರ ಕಡಿಮೆ. ‘ನಿಮ್ಮ ಉಸಿರು ಎಣಿಸುತ್ತೇನೆ’ ಅಂತ ಹೇಳಬೇಡಿ. ಹೇಳಿದ ಕೂಡಲೇ ಉಸಿರಿನ ಲಯ ಬದಲಾಗುತ್ತದೆ. ನಾಡಿ ಹಿಡಿದವರ ಹಾಗೆ ಕೈ ಹಿಡಿದು ಕೂತು ಎದೆ, ಹೊಟ್ಟೆ ಏರುವುದನ್ನು ನೋಡಿ. ನಾನು ಅಮ್ಮನ ಸೆರಗಿನ ಅಂಚು ಎದ್ದು ಇಳಿಯುವುದನ್ನು ಎಣಿಸುತ್ತೇನೆ. ಪೂರ್ತಿ 60 ಸೆಕೆಂಡು ಎಣಿಸಬೇಕು. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ.

ದೊಡ್ಡವರಿಗೆ ಸುಮ್ಮನೆ ಕೂತಾಗ ನಿಮಿಷಕ್ಕೆ 12ರಿಂದ 20 ಸಹಜ. ಕೂತಲ್ಲೇ 25 ದಾಟಿದರೆ ಅವತ್ತೇ ಡಾಕ್ಟರ್ ನೋಡಬೇಕು. 30 ದಾಟಿದರೆ ತಡ ಮಾಡುವ ಹಾಗಿಲ್ಲ. ಜ್ವರಕ್ಕೂ ಉಸಿರು ಸ್ವಲ್ಪ ಏರುತ್ತದೆ, ಹಾಗಾಗಿ ಜ್ವರ ಇಳಿದ ಮೇಲೆ ಇನ್ನೊಮ್ಮೆ ಎಣಿಸಿ.

ಎಣಿಸುವಾಗಲೇ ಕತ್ತು ನೋಡಿ. ಪ್ರತಿ ಉಸಿರಿಗೂ ಕತ್ತಿನ ಮಾಂಸಖಂಡ ಬಿಗಿದು ಕಾಲರ್ ಎಲುಬಿನ ಮೇಲಿನ ಗುಳಿ ಒಳಕ್ಕೆ ಹೋಗುತ್ತಿದ್ದರೆ ವಪೆಯೊಂದರಿಂದ ಕೆಲಸ ಆಗುತ್ತಿಲ್ಲ, ಮೈ ಬೇರೆ ಮಾಂಸಖಂಡಗಳನ್ನೂ ಸಾಲ ತರುತ್ತಿದೆ ಅಂತ ಅರ್ಥ. ಹಾಗೆ ಜಾಸ್ತಿ ಹೊತ್ತು ನಡೆಯುವುದಿಲ್ಲ.

ಮನೆಯಲ್ಲಿ ಆಕ್ಸಿಮೀಟರ್ (ರಕ್ತದ ಆಮ್ಲಜನಕ ಶೇಕಡಾ ಎಷ್ಟು ಅಂತ ಬೆರಳಿನಿಂದ ತೋರಿಸುವ ಸಾಧನ) ಇದ್ದರೆ ಆಮೇಲೆ ಹಾಕಿ. 95 ಅಥವಾ ಅದಕ್ಕಿಂತ ಮೇಲಿದ್ದರೆ ಸರಿ. 92ರಿಂದ 94 ಇದ್ದರೆ ಡಾಕ್ಟರಿಗೆ ಹೇಳಿ. 92ರ ಕೆಳಗೆ ತುರ್ತು. ಬಹಳ ವರ್ಷದ ಶ್ವಾಸಕೋಶದ ಕಾಯಿಲೆ ಇರುವವರಿಗೆ ಈ ಅಂಕಿ ಬೇರೆ ಇರಬಹುದು, ಅದನ್ನು ಅವರ ಡಾಕ್ಟರನ್ನೇ ಕೇಳಿ ಬರೆದಿಟ್ಟುಕೊಳ್ಳಿ. ಉಗುರುಬಣ್ಣ, ಗಾಢ ಮೆಹಂದಿ, ತಣ್ಣಗಾದ ಕೈ ಇದ್ದರೆ ಅಂಕಿ ತಪ್ಪಾಗಿ ಬರುತ್ತದೆ. ಕೈ ಉಜ್ಜಿ ಬೆಚ್ಚಗೆ ಮಾಡಿ, ಬೇರೆ ಬೆರಳಿಗೆ ಹಾಕಿ, ಅರ್ಧ ನಿಮಿಷ ಕಾದು ಓದಿ.

ಮೂಗು ಕಟ್ಟಿದೆ, ಬಾಯಲ್ಲಿ ಉಸಿರಾಟ

ಬಾಯಿ ತೆರೆದರೆ ಉಸಿರು ಸಲೀಸು, ಮಾತು ಸಲೀಸು, ಎದೆಯಲ್ಲಿ ಶಬ್ದ ಇಲ್ಲ. ಅಂದರೆ ಅಡ್ಡಿ ಮೇಲೇ ಇದೆ. ಹೆಚ್ಚಾಗಿ ನೆಗಡಿ ಅಥವಾ ಅಲರ್ಜಿ. ನೆಗಡಿ ಸಾಮಾನ್ಯವಾಗಿ ವಾರ, ಹತ್ತು ದಿನದಲ್ಲಿ ಹೋಗುತ್ತದೆ. ಸೀನಿನ ಸಾಲು, ಮೂಗು ಕಣ್ಣು ತುರಿಕೆ, ನೀರಿನಂಥ ಸಿಂಬಳ, ದಿನಾ ಬೆಳಗ್ಗೆ ಅದೇ ಹಾಡು ಅಂದರೆ ಅಲರ್ಜಿ. ಹಾಸಿಗೆ ದೂಳು, ಜಿರಲೆ, ಗೋಡೆಯ ಬೂಷ್ಟು, ಕಾಂಗ್ರೆಸ್ ಗಿಡ ಅಂತ ನಾವು ಕರೆಯುವ ಪಾರ್ಥೇನಿಯಂನ ಪರಾಗ, ಇವನ್ನೆಲ್ಲ ಒಂದೊಂದಾಗಿ ಅನುಮಾನಿಸಿ ನೋಡಿ.

ಮೆಡಿಕಲ್ ಶಾಪಿನಲ್ಲಿ ಸಿಗುವ, ಹಾಕಿದ ಕೂಡಲೇ ಮೂಗು ಬಿಡಿಸುವ ಹನಿಗಳನ್ನು ಮೂರರಿಂದ ಐದು ದಿನಕ್ಕಿಂತ ಜಾಸ್ತಿ ಹಾಕಬೇಡಿ. ಆಮೇಲೆ ಆ ಹನಿಯಿಂದಲೇ ಮೂಗು ಕಟ್ಟಲು ಶುರುವಾಗುತ್ತದೆ. ಮಕ್ಕಳ ಮೂಗಿನ ಹತ್ತಿರ ಕರ್ಪೂರ ಬೇಡ. ಅದು ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು. ಕುದಿಯುವ ನೀರಿನ ಪಾತ್ರೆಯ ಮುಂದೆ ಮಗುವನ್ನು ಕೂರಿಸುವುದೂ ಬೇಡ. ಒಂದು ಸಲ ಕೈ ತಾಗಿದರೆ ಸಾಕು.

ಕೆಮ್ಮು ನಿಲ್ಲುತ್ತಿಲ್ಲ

ಒಣಮೆಣಸಿನಕಾಯಿ ಒಗ್ಗರಣೆಯ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮುತ್ತಾರಲ್ವಾ? ಕೆಮ್ಮು ಮೂಲದಲ್ಲಿ ಕಾವಲಿನ ಕೆಲಸ. ಅದನ್ನು ಸಿರಪ್ ಹಾಕಿ ಅಡಗಿಸುವ ಮೊದಲು ಯಾವಾಗ ಬರುತ್ತದೆ ಅಂತ ಗಮನಿಸಿ.

ರಾತ್ರಿ ಮತ್ತು ಬೆಳಗಿನ ಜಾವ ಜಾಸ್ತಿಯಾಗುವ ಒಣಕೆಮ್ಮು ಅಸ್ತಮಾದ ಸುಳಿವು. ಸುಂಯ್ ಶಬ್ದವೇ ಇಲ್ಲದೆ ಬರೀ ಕೆಮ್ಮಾಗಿಯೂ ಅಸ್ತಮಾ ಇರುತ್ತದೆ. ಊಟವಾಗಿ ಮಲಗಿದ ಕೂಡಲೇ ಬಂದರೆ, ಹುಳಿತೇಗೂ ಇದ್ದರೆ, ಹೊಟ್ಟೆಯ ಆಮ್ಲ ಮೇಲೆ ಬರುತ್ತಿರಬಹುದು. ಊಟಕ್ಕೂ ಮಲಗುವುದಕ್ಕೂ ನಡುವೆ ಮೂರು ಗಂಟೆ ಬಿಟ್ಟು ನೋಡಿ. ಬಿಪಿ ಮಾತ್ರೆ ಶುರು ಮಾಡಿದ ಮೇಲೆ ಗಂಟಲು ಕೆರೆತದ ಒಣಕೆಮ್ಮು ಬಂದಿದೆಯೇ? ಚೀಟಿಯಲ್ಲಿ ಎನಾಲಪ್ರಿಲ್, ರಾಮಿಪ್ರಿಲ್ ಅಂತ ‘ಪ್ರಿಲ್’ ಕೊನೆಯಲ್ಲಿರುವ ಹೆಸರು ಇದೆಯೇ ನೋಡಿ. ಇದ್ದರೆ ನೀವಾಗಿ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿದರೆ ಬೇರೆ ಬರೆಯುತ್ತಾರೆ.

ಎರಡು ವಾರ ದಾಟಿದ ಕೆಮ್ಮಿಗೆ ಕ್ಷಯ (ಟಿಬಿ) ಇದೆಯೇ ಅಂತ ಕಫದ ಪರೀಕ್ಷೆ ಆಗಲೇಬೇಕು. ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಕಫದಲ್ಲಿ ರಕ್ತದ ಎಳೆ ಇದ್ದರೆ ಎರಡು ವಾರವೂ ಕಾಯಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಪರೀಕ್ಷೆಯೂ ಉಚಿತ, ಔಷಧಿಯೂ ಉಚಿತ. ನಿಕ್ಷಯ್ ಸಹಾಯವಾಣಿ 1800-11-6666. ‘ನಮ್ಮ ಮನೆಯಲ್ಲಿ ಅದೆಲ್ಲ ಬರಲ್ಲ’ ಅನ್ನುವ ಮಾತನ್ನು ದಯವಿಟ್ಟು ಬಿಡಿ. ಗಾಳಿಯಲ್ಲಿ ಬರುವ ರೋಗ ಮನೆ ನೋಡಿ ಬರುವುದಿಲ್ಲ.

ಸುಂಯ್ ಅನ್ನುವ ಶಬ್ದ, ಎದೆ ಬಿಗಿತ

ಮೊದಲು ಶಬ್ದ ಯಾವಾಗ ಬರುತ್ತಿದೆ ಕೇಳಿ. ಉಸಿರು ಹೊರಬಿಡುವಾಗ ಸಣ್ಣ ಸೀಟಿಯ ಹಾಗೆ ಕೇಳಿದರೆ ಸಣ್ಣ ಕೊಳವೆಗಳು ಕಿರಿದಾಗಿವೆ. ಉಸಿರು ಒಳಗೆಳೆಯುವಾಗ ಗಂಟಲಿಂದ ಗರಗಸದಂಥ ಶಬ್ದ ಬಂದರೆ ಅಡ್ಡಿ ಮೇಲಿದೆ, ಅದು ಆಸ್ಪತ್ರೆಯ ಕೆಲಸ; ಇನ್ಹೇಲರ್ ಹಿಡಿದು ಕೂರಬೇಡಿ.

ಅಸ್ತಮಾದಲ್ಲಿ ಕೊಳವೆಯ ಸುತ್ತಲಿನ ಮಾಂಸ ಬಿಗಿಯುತ್ತದೆ, ಒಳಗೋಡೆ ಊದುತ್ತದೆ, ಅಂಟು ಕಫ ತುಂಬುತ್ತದೆ. ಕಷ್ಟವಾದಾಗ ತಕ್ಷಣಕ್ಕೆ ಒತ್ತುವ ನೀಲಿ ಇನ್ಹೇಲರ್ (ಸಾಲ್ಬುಟಮಾಲ್) ಬಿಗಿತವನ್ನು ಮಾತ್ರ ಬಿಡಿಸುತ್ತದೆ. ಊತ ಇಳಿಸುವುದು ದಿನಾ ತೆಗೆದುಕೊಳ್ಳುವ ಸ್ಟೀರಾಯ್ಡ್ ಇರುವ ಇನ್ಹೇಲರ್. ಬಹಳ ಜನ ಎರಡನೆಯದನ್ನು ಹೆದರಿ ಬಿಟ್ಟು ಮೊದಲನೆಯದನ್ನೇ ಒತ್ತುತ್ತಾರೆ. ಅಸ್ತಮಾದ ಜಾಗತಿಕ ಮಾರ್ಗಸೂಚಿ 2019ರಲ್ಲೇ ಬದಲಾಗಿದೆ: ದೊಡ್ಡವರು, ಹದಿಹರೆಯದವರು ನೀಲಿ ಇನ್ಹೇಲರ್ ಒಂದನ್ನೇ ನಂಬಿಕೊಂಡಿರಬಾರದು. ವಾರಕ್ಕೆ ಎರಡಕ್ಕಿಂತ ಜಾಸ್ತಿ ಸಲ ಅದು ಬೇಕಾಗುತ್ತಿದ್ದರೆ ಅಸ್ತಮಾ ಹತೋಟಿಯಲ್ಲಿಲ್ಲ.

ಇನ್ಹೇಲರ್ ಕೆಲಸ ಮಾಡುತ್ತಿಲ್ಲ ಅನ್ನಿಸಿದರೆ ಮೊದಲು ಇನ್ಹೇಲರನ್ನೇ ನೋಡಿ. ಒಂದು ರಾತ್ರಿ 3 ಗಂಟೆಗೆ ಅಮ್ಮ ಮಂಚದ ಅಂಚಿಗೆ ಬಂದು, ಮೊಣಕಾಲಿನ ಮೇಲೆ ಕೈ ಊರಿ ಕೂತಿದ್ದರು. ಭುಜ ಕಿವಿಯ ಹತ್ತಿರಕ್ಕೆ ಏರಿತ್ತು. ನಾಲ್ಕು ಸಲ ಒತ್ತಿದೆ. ಪ್ರತಿ ಸಲವೂ ‘ಪುಸ್’ ಅಂತ ಚೆನ್ನಾಗಿಯೇ ಸದ್ದು ಬಂತು. ಏನೂ ಇಳಿಯಲಿಲ್ಲ. ಕಪಾಟಿನಲ್ಲಿದ್ದ ಹೊಸದನ್ನು ತೆಗೆದು ಕೊಟ್ಟ ಮೇಲೆ ಹತ್ತು ನಿಮಿಷಕ್ಕೆ ಭುಜ ಕೆಳಗಿಳಿಯಿತು. ಹಳೆಯದರಲ್ಲಿ ಔಷಧಿ ಮುಗಿದು ತಳ್ಳುವ ಅನಿಲ ಮಾತ್ರ ಉಳಿದಿತ್ತು. ಒಂದು ಡಬ್ಬಿಯಲ್ಲಿ ಸಾಮಾನ್ಯವಾಗಿ 200 ಪಫ್ ಇರುತ್ತದೆ. ದಿನಕ್ಕೆ 4 ಅಂದರೆ 50 ದಿನ. ಈಗ ತಂದ ದಿನವೇ ಡಬ್ಬಿಯ ಮೇಲೆ ಮುಗಿಯುವ ತಾರೀಖು ಬರೆದುಬಿಡುತ್ತೇನೆ. ಕುಲುಕಿ ನೋಡುವುದು, ನೀರಿನಲ್ಲಿ ತೇಲಿಸಿ ನೋಡುವುದು ಎರಡನ್ನೂ ನಂಬುವ ಹಾಗಿಲ್ಲ. ಎಣಿಕೆ ತೋರಿಸುವ ಕಿಂಡಿ ಇರುವ ಡಬ್ಬಿ ಸಿಕ್ಕರೆ ಅದನ್ನೇ ಕೊಳ್ಳಿ.

ಡಬ್ಬಿ ಸರಿ ಇದ್ದರೆ ವಿಧಾನ ನೋಡಿ. ಕುಲುಕಿ. ಉಸಿರು ಪೂರ್ತಿ ಹೊರಬಿಡಿ. ಇನ್ಹೇಲರಿಗೂ ಬಾಯಿಗೂ ನಡುವೆ ಇಡುವ ಟೊಳ್ಳು ಡಬ್ಬಿಯಾದ ಸ್ಪೇಸರ್‌ಗೆ ಹಾಕಿ ಒಂದೇ ಪಫ್ ಒತ್ತಿ, ನಿಧಾನಕ್ಕೆ ಎಳೆದು, ಹತ್ತು ಎಣಿಸುವವರೆಗೆ ಹಿಡಿಯಿರಿ. ಎರಡು ಪಫ್ ಒಟ್ಟಿಗೆ ಒತ್ತಿದರೆ ಔಷಧಿ ಸ್ಪೇಸರ್ ಗೋಡೆಗೆ ಹತ್ತುತ್ತದೆ. ಸ್ಪೇಸರ್ ಇಲ್ಲದೆ ಬಾಯಿಗೇ ಒತ್ತಿದರೆ ಬಹುಪಾಲು ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತದೆ. ಸ್ಟೀರಾಯ್ಡ್ ಇನ್ಹೇಲರ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಬೂಷ್ಟಿನ ಸೋಂಕು ಬರಬಹುದು.

ಮನೆಯಲ್ಲಿ ನೋಡಿಕೊಳ್ಳುವುದನ್ನು ನಿಲ್ಲಿಸುವ ಗಡಿ ಇದು: ಡಾಕ್ಟರ್ ಹೇಳಿದಷ್ಟು ಪಫ್ ತೆಗೆದುಕೊಂಡ ಮೇಲೂ ಇಳಿಯಲಿಲ್ಲ, ಅಥವಾ ಇಳಿದದ್ದು ನಾಲ್ಕು ಗಂಟೆಯೊಳಗೆ ವಾಪಸ್ ಬಂತು ಅಂದರೆ ಆಸ್ಪತ್ರೆ. ಸುಸ್ತಾದ ರೋಗಿಯ ಸುಂಯ್ ಶಬ್ದ ಇದ್ದಕ್ಕಿದ್ದಂತೆ ನಿಂತರೆ ‘ಅಬ್ಬ, ಕಡಿಮೆಯಾಯಿತು’ ಅಂದುಕೊಳ್ಳಬೇಡಿ. ಶಬ್ದ ಮಾಡುವಷ್ಟು ಗಾಳಿಯೂ ಓಡುತ್ತಿಲ್ಲ ಅಂತ ಅದರ ಅರ್ಥ ಇರಬಹುದು.

ಮೆಟ್ಟಿಲು ಹತ್ತಿದರೆ ಏದುಸಿರು

ಹೋದ ವರ್ಷ ಆರಾಮಾಗಿ ಹತ್ತುತ್ತಿದ್ದ ಮೆಟ್ಟಿಲಿಗೆ ಈ ವರ್ಷ ನಡುವೆ ನಿಲ್ಲಬೇಕೇ? ‘ವಯಸ್ಸಾಯಿತು’ ಅನ್ನುವ ಮೊದಲು ಕೆಳಗಿನ ಕಣ್ಣುರೆಪ್ಪೆ ಎಳೆದು ಕನ್ನಡಿಯಲ್ಲಿ ನೋಡಿ. ಒಳಗೆ ಕೆಂಪಿಲ್ಲದೆ ಬಿಳಿಚಿಕೊಂಡಿದ್ದರೆ ರಕ್ತಹೀನತೆ ಇರಬಹುದು. ಗಾಳಿ ಸರಿಯಾಗಿ ಬಂದರೂ ಹೊರುವ ಕೂಲಿಯವರೇ ಕಡಿಮೆ. ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುವ ಹೆಣ್ಣುಮಕ್ಕಳಲ್ಲಿ ಇದು ತುಂಬಾ ಸಾಮಾನ್ಯ. ಹಿಮೋಗ್ಲೋಬಿನ್ ಪರೀಕ್ಷೆಗೆ ಆಗುವ ಖರ್ಚೂ ಕಡಿಮೆ.

ಬೀಡಿ, ಸಿಗರೇಟು ಸೇದಿದವರು, ವರ್ಷಗಟ್ಟಲೆ ಸೌದೆ ಒಲೆ ಊದಿದ ಹೆಂಗಸರು, ಕಲ್ಲು ಕ್ವಾರಿ ಮತ್ತು ಅಕ್ಕಿ ಗಿರಣಿಯ ದೂಳಿನಲ್ಲಿ ದುಡಿದವರು: ಇವರಿಗೆ ಗಾಳಿಯ ದಾರಿ ಕಿರಿದಾಗಿ ಹಾಗೇ ಉಳಿಯುವ ಸಿಒಪಿಡಿ ಕಾಯಿಲೆ ಇರಬಹುದು, ಸ್ಪೈರೋಮೆಟ್ರಿ ಮಾಡಿಸಿ. ಒಂದು ಕೊಳವೆಯೊಳಕ್ಕೆ ಜೋರಾಗಿ ಊದುವ ಪರೀಕ್ಷೆ ಅದು, ನೋವಿಲ್ಲ. ಹೊಗೆ ತಿಂದು ಹಾಳಾದ ಗಾಳಿಚೀಲ ವಾಪಸ್ ಬರುವುದಿಲ್ಲ. ಹೊಗೆ ಬಿಟ್ಟರೆ ಹಾಳಾಗುವ ವೇಗ ಇಳಿಯುತ್ತದೆ. ಬೀಡಿ ಮುಟ್ಟದ ಅಜ್ಜಿಗೆ ಈ ಕಾಯಿಲೆ ಹೇಗೆ ಬಂತು ಅಂತ ಕೇಳುವವರು ಅವರ ಅಡುಗೆಮನೆಯ ಕರಿ ಹಿಡಿದ ಗೋಡೆ ನೋಡಲಿ.

ಮಲಗಿದರೆ ಕಷ್ಟ, ಕೂತರೆ ಸರಿ

ರಾತ್ರಿ ಎರಡು ಮೂರು ದಿಂಬು ಬೇಕಾಗುತ್ತಿದೆ, ನಿದ್ದೆಯಲ್ಲಿ ಉಸಿರು ಕಟ್ಟಿ ಎದ್ದು ಕಿಟಕಿಯ ಹತ್ತಿರ ಹೋಗುತ್ತಾರೆ. ಮೊಣಕಾಲಿನ ಕೆಳಗೆ ಎಲುಬಿನ ಮೇಲೆ ಹೆಬ್ಬೆರಳಿನಿಂದ ಹತ್ತು ಸೆಕೆಂಡು ಒತ್ತಿ. ಗುಳಿ ಬಿದ್ದು ಹಾಗೇ ಉಳಿಯಿತೇ? ಮೂರು ನಾಲ್ಕು ದಿನದಲ್ಲಿ ತೂಕ ಎರಡು ಕಿಲೋ ಏರಿದೆಯೇ? ಹಾಗಿದ್ದರೆ ಹೃದಯದ ಕಡೆ ಅನುಮಾನ ಹೋಗಬೇಕು. ಪಂಪು ಸೋತಾಗ ರಕ್ತ ಹಿಂದೆ ನಿಂತು ಶ್ವಾಸಕೋಶದೊಳಕ್ಕೆ ನೀರು ಜಿನುಗುತ್ತದೆ. ಇದಕ್ಕೆ ಕಷಾಯ ಕುಡಿಸಿದರೆ ಇನ್ನಷ್ಟು ನೀರು ಸೇರಿಸಿದ ಹಾಗೆ.

ಇದ್ದಕ್ಕಿದ್ದಂತೆ ಉಸಿರು ಸಿಕ್ಕುತ್ತಿಲ್ಲ

ಊಟದ ನಡುವೆ ಕತ್ತು ಹಿಡಿದುಕೊಂಡು ಮಾತು ನಿಂತರೆ ಗಂಟಲಿಗೆ ಸಿಕ್ಕಿಕೊಂಡಿದೆ. ಕೆಮ್ಮಲು ಆಗುತ್ತಿದ್ದರೆ ಕೆಮ್ಮಲಿ, ಬಿಡಿ. ಆಗದಿದ್ದರೆ ಮುಂದಕ್ಕೆ ಬಾಗಿಸಿ, ಬೆನ್ನಿನ ರೆಕ್ಕೆ ಎಲುಬುಗಳ ನಡುವೆ ಅಂಗೈ ಬುಡದಿಂದ 5 ಸಲ ಜೋರಾಗಿ ಬಡಿಯಿರಿ. ಹೋಗಲಿಲ್ಲವೇ? ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ಮೇಲೆ ಮುಷ್ಟಿ ಇಟ್ಟು, ಒಳಕ್ಕೂ ಮೇಲಕ್ಕೂ 5 ಸಲ ಒತ್ತಿ. ಬಿಡುವವರೆಗೆ ಇವೆರಡನ್ನೂ ಸರದಿಯಲ್ಲಿ ಮಾಡಿ. ಗರ್ಭಿಣಿಯರಿಗೆ ಹೊಟ್ಟೆಯ ಬದಲು ಎದೆಯ ನಡುವೆ ಒತ್ತಬೇಕು. ವರ್ಷದೊಳಗಿನ ಕೂಸಿಗೂ ಹೊಟ್ಟೆ ಒತ್ತಬಾರದು. ತಲೆ ಕೆಳಗಿರುವಂತೆ ಮುಂಗೈ ಮೇಲೆ ಕವುಚಿ ಬೆನ್ನಿಗೆ 5, ತಿರುಗಿಸಿ ಒಂದು ಅಂಗೈ ಬುಡದಿಂದ ಎದೆಯ ನಡುವೆ 5. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಗೆ ಹೋಗುತ್ತದೆ.

ಒಂದೇ ಪಕ್ಕ ಚುಚ್ಚಿದ ನೋವಿನ ಜೊತೆ ಉಸಿರು ಮೊಟಕಾದರೆ ಶ್ವಾಸಕೋಶದ ಸುತ್ತ ಗಾಳಿ ಸೋರಿರಬಹುದು. ಎತ್ತರದ, ತೆಳ್ಳಗಿನ ಹುಡುಗರಲ್ಲೂ ಇದು ಆಗುತ್ತದೆ. ಆಪರೇಷನ್, ಹೆರಿಗೆ, ದೂರದ ಬಸ್ಸು ವಿಮಾನ ಪ್ರಯಾಣದ ನಂತರ ಒಂದು ಕಾಲು ಊದಿ ನೋಯುತ್ತಿದ್ದು ಉಸಿರು ಕಟ್ಟಿದರೆ ಕಾಲಿನ ರಕ್ತದ ಗಡ್ಡೆ ಶ್ವಾಸಕೋಶಕ್ಕೆ ಹೋಗಿರಬಹುದು. ಎರಡರಲ್ಲೂ ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ, ಹೊರಡುವುದೊಂದೇ.

ಭಯದಿಂದಲೂ ಉಸಿರು ಓಡುತ್ತದೆ. ತುಟಿ, ಬೆರಳ ತುದಿ ಜುಮ್ಮೆನ್ನುತ್ತದೆ. ಆ ಸಂಕಟ ನಿಜವಾದದ್ದು, ನಾಟಕ ಅಂತ ಬೈಯಬೇಡಿ. ಪಕ್ಕ ಕೂತು ನಿಧಾನಕ್ಕೆ ಬಿಡುವ ಉಸಿರನ್ನು ಉದ್ದ ಮಾಡಿಸಿ. ಬಾಯಿಗೆ ಕವರ್ ಹಿಡಿಯುವ ಹಳೆಯ ಉಪಾಯ ಬೇಡ. ಮೊದಲ ಸಲ ಹೀಗಾದಾಗ ‘ಬರೀ ಗಾಬರಿ’ ಅಂತ ನಾವೇ ತೀರ್ಮಾನಿಸುವುದೂ ಬೇಡ.

ಮನೆಯವರಿಗೆಲ್ಲ ಒಟ್ಟಿಗೆ ತಲೆನೋವು, ತಲೆಸುತ್ತು

ಗ್ಯಾಸ್ ಗೀಸರ್ ಇರುವ ಸ್ನಾನದ ಮನೆ, ಕಿಟಕಿ ಮುಚ್ಚಿದೆ, ಸ್ನಾನಕ್ಕೆ ಹೋದವರು ಕೂಗಿದರೂ ಉತ್ತರ ಇಲ್ಲ. ಅಥವಾ ಚಳಿಗೆ ಕೋಣೆಯೊಳಗೆ ಕೆಂಡದ ಬಾಣಲೆ ಇಟ್ಟು ಮಲಗಿದ್ದಾರೆ. ಇದು ಅರೆಬರೆ ಉರಿದ ಬೆಂಕಿಯಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಅನಿಲ. ಬಣ್ಣ ಇಲ್ಲ, ವಾಸನೆ ಇಲ್ಲ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ರಕ್ತಕ್ಕೆ ಅಂಟಿಕೊಳ್ಳುತ್ತದೆ. ಆಕ್ಸಿಮೀಟರ್ ಇಲ್ಲಿ ಮೋಸ ಹೋಗಿ 98 ಅಂತ ತೋರಿಸಬಹುದು, ನಂಬಬೇಡಿ. ಬಾಗಿಲು ಕಿಟಕಿ ತೆರೆಯಿರಿ, ಗ್ಯಾಸ್ ಆಫ್ ಮಾಡಿ, ಅವರನ್ನು ಹೊರಗೆ ಎಳೆದು ತನ್ನಿ, 108. ಗೀಸರನ್ನು ಸ್ನಾನದ ಮನೆಯ ಹೊರಗೆ ಹಾಕಿಸುವುದೇ ಸರಿಯಾದ ರಿಪೇರಿ.

ಹಳೆ ಬಾವಿ, ಮ್ಯಾನ್‌ಹೋಲ್, ಗೊಬ್ಬರದ ಗುಂಡಿಯಲ್ಲಿ ವಿಷಗಾಳಿಗೆ ಉಸಿರು ಕಟ್ಟಿ ಒಬ್ಬರು ಬಿದ್ದರೆ ಉಳಿಸಲು ಇನ್ನೊಬ್ಬರು ಇಳಿಯಬೇಡಿ. ಹಾಗೆ ಇಳಿದೇ ಎರಡನೆಯವರು, ಮೂರನೆಯವರು ಹೋಗುತ್ತಾರೆ. ಅಗ್ನಿಶಾಮಕದವರನ್ನು ಕರೆಯಿರಿ.

ಮಗುವಿನ ಉಸಿರು ಜೋರು

ಅಂಗಿ ಬಿಚ್ಚಿ, ಮಗು ಅಳದೇ ಇರುವಾಗ ಎಣಿಸಿ. 2 ತಿಂಗಳೊಳಗೆ ನಿಮಿಷಕ್ಕೆ 60, 2ರಿಂದ 12 ತಿಂಗಳಿಗೆ 50, 1ರಿಂದ 5 ವರ್ಷಕ್ಕೆ 40, ಇಷ್ಟು ಅಥವಾ ಇದಕ್ಕಿಂತ ಜಾಸ್ತಿ ಇದ್ದರೆ ನ್ಯುಮೋನಿಯಾ ಅಂತ ಅನುಮಾನಿಸಿ ಅವತ್ತೇ ತೋರಿಸಿ. ಪ್ರತಿ ಉಸಿರಿಗೆ ಪಕ್ಕೆಯ ಕೆಳಗೆ ಚರ್ಮ ಒಳಕ್ಕೆ ಎಳೆದುಕೊಳ್ಳುತ್ತಿದ್ದರೆ, ಹಾಲು ಕುಡಿಯಲು ಆಗದಿದ್ದರೆ, ಮೂಗಿನ ಹೊಳ್ಳೆ ಅಗಲವಾಗುತ್ತಿದ್ದರೆ ರಾತ್ರಿಯಾದರೂ ಹೊರಡಿ. ಜ್ವರ ನೆಗಡಿ ಏನೂ ಇಲ್ಲದೆ ಆಟದ ನಡುವೆ ಇದ್ದಕ್ಕಿದ್ದಂತೆ ಕೆಮ್ಮು ಶುರುವಾದರೆ ಕಡಲೆಬೀಜ, ಮಣಿ ಏನಾದರೂ ಒಳಗೆ ಹೋಗಿದೆಯೇ ಅಂತ ಡಾಕ್ಟರಿಗೆ ನೀವೇ ಹೇಳಿ.

ಡಾಕ್ಟರ ಹತ್ತಿರ ಹೋಗುವಾಗ

ನಮ್ಮ ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದೇನೆ. ಯಾವತ್ತು ಶುರುವಾಯಿತು, ನಿಮಿಷಕ್ಕೆ ಎಷ್ಟು ಉಸಿರು, ಶಬ್ದ ಒಳಗೆಳೆಯುವಾಗಲೋ ಬಿಡುವಾಗಲೋ, ಎಷ್ಟು ದಿಂಬು, ಯಾವ ಮಾತ್ರೆ ನಡೆಯುತ್ತಿದೆ, ಮನೆಯಲ್ಲಿ ಏನು ಹೊಸದು: ಪೇಂಟ್, ಪಾರಿವಾಳ, ಊದುಬತ್ತಿ. ಅದರ ಫೋಟೊ ಮತ್ತು ಅರ್ಧ ನಿಮಿಷದ ವಿಡಿಯೊ ಒಂದನ್ನು ಫೋನಿನಲ್ಲಿ ಒಯ್ಯುತ್ತೇವೆ. ಆಸ್ಪತ್ರೆ ತಲುಪುವ ಹೊತ್ತಿಗೆ ಅಮ್ಮನ ಸುಂಯ್ ಶಬ್ದ ಎಷ್ಟೋ ಸಲ ನಿಂತಿರುತ್ತದೆ. ಆಗ ಡಾಕ್ಟರು ಮೊದಲು ನೋಡುವುದು ಆ ವಿಡಿಯೊವನ್ನೇ.